ಪ್ಯಾಕೆಟಿಗೊಂದು ಇಂಟರಪ್ಟ್ ಬೇಡ

ಸೆಕೆಂಡಿಗೆ 10 ಗಿಗಾಬಿಟ್ ವೇಗದ ಈಥರ್‌ನೆಟ್‌ನಲ್ಲಿ 64 ಬೈಟ್‌ನ ಪುಟ್ಟ ಪ್ಯಾಕೆಟ್‌ಗಳೇ ತುಂಬಿ ಬಂದರೆ ಅವುಗಳ ಸಂಖ್ಯೆ ಸೆಕೆಂಡಿಗೆ ಸುಮಾರು 1 ಕೋಟಿ 48 ಲಕ್ಷ. ಒಂದೊಂದಕ್ಕೆ ಸಿಗುವ ಸಮಯ 67 ನ್ಯಾನೊಸೆಕೆಂಡ್ ಮಾತ್ರ. ಪ್ರತಿಯೊಂದಕ್ಕೂ ನೆಟ್‌ವರ್ಕ್ ಕಾರ್ಡ್ ಇಂಟರಪ್ಟ್ (ಕೈಯಲ್ಲಿರುವ ಕೆಲಸ ಬಿಟ್ಟು ಬಾ ಎಂದು ಪ್ರೊಸೆಸರಿಗೆ ಕೊಡುವ ಕರೆ) ಎಬ್ಬಿಸಿದರೆ ಪ್ರೊಸೆಸರ್ ಆ ಕರೆಗಳಿಗೆ ಓಗೊಡುವುದರಲ್ಲೇ ಸೋತುಹೋಗುತ್ತದೆ, ಬಂದ ಪ್ಯಾಕೆಟ್ ಅಪ್ಲಿಕೇಶನ್ ತಲುಪುವುದೇ ಇಲ್ಲ. ಲಿನಕ್ಸ್ ಇದಕ್ಕೆ ಕಂಡುಕೊಂಡ ದಾರಿ ನ್ಯಾಪಿ (NAPI) ಎಂಬ ವ್ಯವಸ್ಥೆ. ಮೊದಲ ಪ್ಯಾಕೆಟ್ ಬಾಗಿಲು ತಟ್ಟುತ್ತದೆ. ಉಳಿದವನ್ನು ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ತಾನೇ ಹೋಗಿ ಎತ್ತಿಕೊಳ್ಳುತ್ತದೆ; ಇದಕ್ಕೆ ಪೋಲ್ ಎನ್ನುತ್ತಾರೆ.

ಅಂಥ ಡ್ರೈವರ್ ಬರೆಯುವಾಗ ಮೊದಲು, ಕರೆ ಬಂದೊಡನೆ ಓಡುವ ಇಂಟರಪ್ಟ್ ಹ್ಯಾಂಡ್ಲರ್ ಚಿಕ್ಕದಾಗಿರಲಿ. ಕರೆ ನಮ್ಮ ಕಾರ್ಡಿನದೇ ಎಂದು ನೋಡಿ, ಕಾರ್ಡಿನ ಇಂಟರಪ್ಟ್ ಮುಚ್ಚಿ, ಪೋಲ್ ಕೆಲಸವನ್ನು ಸರದಿಗೆ ಹಚ್ಚಿ ಹೊರಬನ್ನಿ. ಪ್ಯಾಕೆಟನ್ನು ಇಲ್ಲಿ ಮುಟ್ಟಲೇಬೇಡಿ.

ಆಮೇಲೆ ಲಿನಕ್ಸ್‌ನ ತಿರುಳಾದ ಕರ್ನೆಲ್ ನಿಮ್ಮ ಪೋಲ್ ಫಂಕ್ಷನ್ ಅನ್ನು ಒಂದು ಮಿತಿ ಕೊಟ್ಟು ಕರೆಯುತ್ತದೆ, ಸಾಮಾನ್ಯವಾಗಿ 64 ಪ್ಯಾಕೆಟ್. ಬಂದ ಪ್ಯಾಕೆಟ್‌ಗಳು ಕೂರುವ ಸುತ್ತು ಸಾಲಾದ ರಿಂಗ್‌ನಿಂದ ಅಷ್ಟರೊಳಗೆ ಪ್ಯಾಕೆಟ್ ತೆಗೆಯಿರಿ, ಖಾಲಿಯಾದ ಜಾಗಕ್ಕೆ ಹೊಸ ಬಫರ್ ಇಡಿ. ಮಿತಿ ಪೂರ್ತಿ ಬಳಕೆಯಾದರೆ 64 ಎಂದೇ ಹಿಂತಿರುಗಿಸಿ. ಇಂಟರಪ್ಟ್ ಮುಚ್ಚಿಯೇ ಇರಲಿ, ಕರ್ನೆಲ್ ಮತ್ತೆ ಕರೆಯುತ್ತದೆ.

ಅದಕ್ಕಿಂತ ಕಡಿಮೆ ಸಿಕ್ಕರೆ ಪೋಲ್ ಮುಗಿಯಿತೆಂದು ಕರ್ನೆಲ್‌ಗೆ ತಿಳಿಸಿ, ನಂತರವೇ ಇಂಟರಪ್ಟ್ ತೆರೆಯಬೇಕು. ಡ್ರೈವರ್ ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ರಿಂಗ್ ಖಾಲಿ ಎಂದು ನೋಡಿದ ಕ್ಷಣಕ್ಕೂ ಇಂಟರಪ್ಟ್ ತೆರೆದ ಕ್ಷಣಕ್ಕೂ ನಡುವೆ ಒಂದು ಪ್ಯಾಕೆಟ್ ಬಂದು ಕೂತರೆ? ಮುಚ್ಚಿದ್ದಾಗ ನಡೆದದ್ದನ್ನು ಕಾರ್ಡ್ ನೆನಪಿಟ್ಟುಕೊಳ್ಳದಿದ್ದರೆ, ಮುಂದಿನ ಪ್ಯಾಕೆಟ್ ಬರುವವರೆಗೂ ಅದು ಅಲ್ಲೇ ಉಳಿಯುತ್ತದೆ. ಸೆಕೆಂಡಿಗೊಂದು ಪಿಂಗ್ ಕಳುಹಿಸಿದಾಗ ಉತ್ತರದ ಸಮಯ ಆಗಾಗ 1000 ಮಿಲಿಸೆಕೆಂಡಿನ ಆಸುಪಾಸು ತೋರಿಸಿದರೆ ಮೊದಲು ಈ ಸಂದನ್ನೇ ಅನುಮಾನಿಸಿ. ಪರಿಹಾರ ಸರಳ: ತೆರೆದ ಮೇಲೆ ರಿಂಗನ್ನು ಇನ್ನೊಮ್ಮೆ ನೋಡಿ; ಏನಾದರೂ ಇದ್ದರೆ ಮತ್ತೆ ಮುಚ್ಚಿ ಪೋಲ್‌ಗೆ ಹಚ್ಚಿ. ಕಾರ್ಡಿನ ಕೈಪಿಡಿಯಲ್ಲಿ ಇಂಟರಪ್ಟ್ ರಿಜಿಸ್ಟರಿನ ಪುಟವನ್ನು ಎರಡು ಸಲ ಓದುವುದು ವ್ಯರ್ಥವಲ್ಲ.

ಇಷ್ಟು ಸರಿಯಾದ ಮೇಲೆ ಈಥ್‌ಟೂಲ್ (ethtool) ಎಂಬ ಕಮಾಂಡಿನಿಂದ, ಹಲವು ಪ್ಯಾಕೆಟಿಗೆ ಒಂದೇ ಕರೆ ಬರುವಂತೆ ಇಂಟರಪ್ಟ್ ಒಗ್ಗೂಡಿಸುವ ಅವಧಿಯನ್ನು ಹೊಂದಿಸಬಹುದು. ಕೆಲವು ಮೈಕ್ರೊಸೆಕೆಂಡ್ ಕಾಯಿಸಿದರೆ ಇಂಟರಪ್ಟ್ ಇಳಿಯುತ್ತದೆ, ವಿಳಂಬ ಏರುತ್ತದೆ. ಫೈಲ್ ಸರ್ವರಿಗೆ ಇದು ಲಾಭ. ಧ್ವನಿ ಕರೆಗೆ ಅಷ್ಟಾಗಿ ಅಲ್ಲ. ಹಲವು ಕ್ಯೂಗಳಿರುವ (ಪ್ಯಾಕೆಟ್ ಸಾಲುಗಳಿರುವ) ಕಾರ್ಡ್ ಆದರೆ ಒಂದೊಂದು ಕ್ಯೂನ ಇಂಟರಪ್ಟನ್ನು ಒಂದೊಂದು ಕೋರ್‌ಗೆ ಹಂಚಿ.

ಕೊನೆಗೆ, ಇಂಟರಪ್ಟ್ ಎಣಿಕೆ ತೋರಿಸುವ, ಪ್ರಾಕ್ ಡೈರೆಕ್ಟರಿಯ ಇಂಟರಪ್ಟ್ಸ್ ಕಡತವನ್ನು (/proc/interrupts) ತೆರೆದಿಟ್ಟು ಕಾರ್ಡಿನ ಮೇಲೆ ಹೊರೆ ಹೇರಿ. ಪ್ಯಾಕೆಟ್ ಎಣಿಕೆ ಜಿಗಿಯುತ್ತಿರುವಾಗ ಇಂಟರಪ್ಟ್ ಎಣಿಕೆ ನಿಧಾನವಾಗಿ ಏರುತ್ತಿದ್ದರೆ ಡ್ರೈವರ್ ಸರಿಯಾಗಿ ಪೋಲ್ ಮಾಡುತ್ತಿದೆ.