ನೆಲದ ಮೇಲೆ ಗುಡುಗುವ ಎಂಜಿನ್ ಆಕಾಶದಲ್ಲಿ ಯಾಕೆ ನಿಲ್ಲುತ್ತದೆ?

ಹೋದ ಚಳಿಗಾಲದಲ್ಲಿ ಅಣ್ಣಿಗೇರಿ ಕಡೆ ನನ್ನ ಮಾಡೆಲ್ ವಿಮಾನ ಕಡಲೆ ಹೊಲದೊಳಗೆ ಬಿತ್ತು. ನೆಲದ ಮೇಲೆ ಚೆನ್ನಾಗಿಯೇ ಓಡುತ್ತಿದ್ದ 6.5 ಸಿಸಿ ಗ್ಲೋ ಎಂಜಿನ್ (ಪ್ಲಗ್ಗಿನ ಕಾದ ಸುರುಳಿಯಿಂದ ಮೆಥನಾಲ್ ಇಂಧನ ಹೊತ್ತಿಸುವ ಪುಟ್ಟ ಎಂಜಿನ್), ಮೂಗು ಎತ್ತಿ ಏರುವಾಗ ಕೀರಲು ದನಿ ಮಾಡಿ ಟಪ್ಪನೆ ನಿಂತಿತ್ತು. ಒಂದು ತಿಂಗಳು ಬಿಚ್ಚಿದ್ದೇ ಬಿಚ್ಚಿದ್ದು. ಬೇರಿಂಗ್ ಬದಲಿಸಿದೆ, ಪ್ಲಗ್ ಬದಲಿಸಿದೆ. ಕೊನೆಗೆ ತಪ್ಪು ಸಿಕ್ಕಿದ್ದು ಟ್ಯಾಂಕಿನೊಳಗೆ. ಹಿತ್ತಾಳೆ ನಳಿಗೆಗೆ ಸಿಲಿಕಾನ್ ಪೈಪ್ ಸಿಕ್ಕಿಸಿದ ಜಾಗದಲ್ಲಿ ಗಸಗಸೆ ಕಾಳಿನಷ್ಟು ತೂತು. ಬಗ್ಗಿಸಿ ಬೆಳಕಿಗೆ ಹಿಡಿದಾಗ ಮಾತ್ರ ಅದು ಬಾಯಿ ಬಿಡುತ್ತಿತ್ತು. ವಿಮಾನ ಏರುವಾಗ ಇಂಧನ ಹಿಂದಕ್ಕೆ ಸರಿಯುತ್ತದೆ, ಮುಂದಿನ ತೂತು ಬಯಲಾಗುತ್ತದೆ, ಎಂಜಿನ್ ಗಾಳಿ ಕುಡಿಯುತ್ತದೆ.

ಹಾಗಾಗಿ ಮೊದಲು ಟ್ಯಾಂಕ್. ಒಳಗಿನ ಪೈಪ್ ಹೊಸದು ಹಾಕಿ. ಅದರ ತುದಿಯ ಕ್ಲಂಕ್, ಅಂದರೆ ಇಂಧನ ಎತ್ತಿಕೊಳ್ಳುವ ತೂಕದ ಗುಂಡು, ಹಿಂದಿನ ಗೋಡೆಗೆ ತಾಗದೆ ಸಲೀಸಾಗಿ ಅಲುಗಾಡಬೇಕು. ಟ್ಯಾಂಕಿನ ನಡುಮಟ್ಟ ಕಾರ್ಬುರೇಟರಿನ ನೀಡಲ್ (ಇಂಧನದ ಪ್ರಮಾಣ ಹೊಂದಿಸುವ ಸೂಜಿ ತಿರುಪು) ಮಟ್ಟದಲ್ಲಿರಲಿ, ಇಲ್ಲವೇ ಐದಾರು ಮಿಲಿಮೀಟರ್ ಕೆಳಗಿರಲಿ. ತುಂಬಾ ಕೆಳಗಿದ್ದರೆ ವಿಮಾನ ತಲೆಕೆಳಗಾದಾಗ ಗಾಳಿ-ಇಂಧನದ ಮಿಶ್ರಣವೇ ಬದಲಾಗುತ್ತದೆ. ಸುತ್ತಲೂ ಮೆತ್ತನೆ ಸ್ಪಂಜ್ ಸುತ್ತಿ, ಯಾಕಂದ್ರೆ ನಡುಗಿದರೆ ಇಂಧನ ನೊರೆಯಾಗುತ್ತದೆ, ನೊರೆ ಅಂದರೆ ಮತ್ತೆ ಗಾಳಿಯೇ ಅಲ್ವಾ? ಸೈಲೆನ್ಸರಿನಿಂದ ಟ್ಯಾಂಕಿಗೆ ಒತ್ತಡದ ಪೈಪ್ ಇಲ್ಲದಿದ್ದರೆ ಹಾಕಿಸಿ. ಇಂಧನ ಒಂದೇ ಸಮ ಬರುವುದಕ್ಕೆ ಇದರಷ್ಟು ಸುಲಭದ ಬದಲಾವಣೆ ಇನ್ನೊಂದಿಲ್ಲ. ಎರೆ ಹೊಲದ ಧೂಳು ನೀಡಲ್‌ನಲ್ಲಿ ಕೂರುತ್ತದೆ, ಇಂಧನ ತುಂಬುವಾಗ ಫಿಲ್ಟರ್ ಮರೆಯಬೇಡಿ.

ಆಮೇಲೆ ಗಾಳಿ ಸೋರಿಕೆ. ಐಡಲ್‌ನಲ್ಲಿ (ಅತಿ ಕಡಿಮೆ ವೇಗದಲ್ಲಿ) ಓಡುವಾಗ ಕಾರ್ಬುರೇಟರಿನ ಕುತ್ತಿಗೆಗೆ ಒಂದು ಹನಿ ಔಡಲೆಣ್ಣೆ ಬಿಡಿ. ವೇಗ ಬದಲಾದರೆ ಅಲ್ಲಿನ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಹೋಗಿದೆ ಅಂತ ಅರ್ಥ. ಹಿಂಬದಿ ಮುಚ್ಚಳದ ಗ್ಯಾಸ್ಕೆಟನ್ನೂ ಹೀಗೇ ನೋಡಿ. ಪ್ರೊಪೆಲರ್ ಹಿಂದೆಯೇ ನಿಲ್ಲಿ, ಬೆರಳು ದೂರವಿರಲಿ. ಮೆಥನಾಲ್ ವಿಷ. ಅದರ ಬೆಂಕಿ ಬಿಸಿಲಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ.

ಇಷ್ಟಾದ ಮೇಲೂ ಎಂಜಿನ್ ಬಿಸಿಯಾಗಿ ಪಟಪಟ ಹುರಿದಂತೆ ಸದ್ದು ಮಾಡಿದರೆ, ಪ್ಲಗ್ಗಿನ ಸುರುಳಿ ಸೊಟ್ಟಗಾಗುತ್ತಿದ್ದರೆ, ಕಂಪ್ರೆಷನ್ (ಸಿಲಿಂಡರಿನೊಳಗೆ ಮಿಶ್ರಣವನ್ನು ಒತ್ತುವ ಪ್ರಮಾಣ) ಜಾಸ್ತಿ ಇರಬಹುದು. ಹೆಡ್ ಕೆಳಗೆ 0.1 ಮಿಲಿಮೀಟರ್ ದಪ್ಪದ ಒಂದೇ ಒಂದು ಶಿಮ್ (ತೆಳು ಲೋಹದ ಬಳೆ) ಹಾಕಿ ನೋಡಿ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದ ಲೇತ್ ಕೆಲಸದವರಿಗೆ ಅಳತೆ ಕೊಟ್ಟರೆ ತಾಮ್ರದ ಹಾಳೆಯಲ್ಲಿ ಮಾಡಿಕೊಡುತ್ತಾರೆ. ಸ್ಕ್ರೂಗಳನ್ನು ಎದುರುಬದುರು, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸುಮ್ನೆ ಪೋರ್ಟ್ (ಸಿಲಿಂಡರಿನ ಗಾಳಿ-ಹೊಗೆಯ ಕಿಂಡಿ) ಉಜ್ಜಲು ಹೋಗಬೇಡಿ. ಉಜ್ಜಿದ ಲೋಹ ವಾಪಸ್ ಬರುವುದಿಲ್ಲ, ಶಿಮ್ ಆದರೆ ತೆಗೆದಿಡಬಹುದು.

ಈಗ ನೀಡಲ್. ಫುಲ್ ಥ್ರಾಟಲ್ ಕೊಟ್ಟು ವೇಗ ಗರಿಷ್ಠ ಆಗುವವರೆಗೆ ಮುಚ್ಚುವ ಕಡೆ ತಿರುಗಿಸಿ, ಅಲ್ಲಿಂದ ಎರಡು ಮೂರು ಕ್ಲಿಕ್ ವಾಪಸ್ ತೆರೆಯಿರಿ. ಹಾರುವಾಗ ಪ್ರೊಪೆಲರ್ ಹಗುರಾಗಿ ವೇಗ ಏರುತ್ತದೆ, ಮಿಶ್ರಣ ಇನ್ನಷ್ಟು ಲೀನ್ (ಇಂಧನ ಕಡಿಮೆ, ಗಾಳಿ ಜಾಸ್ತಿ) ಆಗುತ್ತದೆ, ಈ ಕ್ಲಿಕ್‌ಗಳು ಅದಕ್ಕೆ ಬಿಟ್ಟ ಜಾಗ. ನಂತರ ಜೊತೆಗಾರರ ಸಹಾಯದಿಂದ ಮೂಗನ್ನು ಆಕಾಶಕ್ಕೆ ಎತ್ತಿ ಹತ್ತು ಸೆಕೆಂಡ್ ಹಿಡಿಯಿರಿ. ದನಿ ಹಾಗೇ ಉಳಿದರೆ, ಅಥವಾ ಕೊಂಚ ಏರಿದರೆ, ಸರಿ. ಕುಗ್ಗಿದರೆ ಇನ್ನೊಂದು ಕ್ಲಿಕ್ ತೆರೆಯಿರಿ. ಕಡೆಗೆ ಐಡಲ್‌ನಲ್ಲಿ ಇಂಧನದ ಪೈಪನ್ನು ಚಿವುಟಿ ಹಿಡಿಯಿರಿ. ಕೂಡಲೇ ನಿಂತರೆ ಐಡಲ್ ಮಿಶ್ರಣ ಲೀನ್. ತುಂಬಾ ಹೊತ್ತು ವೇಗ ಏರುತ್ತಾ ಹೋಗಿ ನಿಂತರೆ ರಿಚ್, ಅಂದರೆ ಇಂಧನ ಜಾಸ್ತಿ.

ಕಾರವಾರದ ದಂಡೆಯಲ್ಲಿ ಹೊಂದಿಸಿದ ನೀಡಲ್ ಧಾರವಾಡದ ಎತ್ತರಕ್ಕೆ ಬಂದರೆ ರಿಚ್ ಆಗುತ್ತದೆ, ಇಲ್ಲಿ ಗಾಳಿ ತೆಳು. ಚಳಿಗಾಲದ ಬೆಳಿಗ್ಗೆ ತಣ್ಣನೆ ಗಾಳಿ ದಟ್ಟವಾಗಿರುವುದರಿಂದ ಉಲ್ಟಾ ಆಗುತ್ತದೆ. ಹಿಂದಿನ ದಿನ ಮಧ್ಯಾಹ್ನ ಹೊಂದಿಸಿದ ಎಂಜಿನ್ನನ್ನು ಮರುದಿನ ಬೆಳಿಗ್ಗೆ 7ಕ್ಕೆ ಹಾರಿಸುವವರು ಒಂದೆರಡು ಕ್ಲಿಕ್ ತೆರೆದುಕೊಂಡೇ ಶುರು ಮಾಡಿ.