ಟಾರ್ಚ್ ಕೊಳ್ಳುವ ಮುನ್ನ ಗುಂಡಿ ಒತ್ತಿ ನೋಡಿ

ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟಿಗೆ ಕಾದಿದ್ದು ಚನ್ನಗಿರಿಯ ಅಡಿಕೆ ತೋಟಕ್ಕೋ ಹರಿಹರದ ಕಡೆಯ ಭತ್ತದ ಗದ್ದೆಗೋ ಹೊರಟವರ ಒಂದು ಕೈಯಲ್ಲಿ ಗುದ್ದಲಿ ಇದ್ದೇ ಇರುತ್ತದೆ. ಟಾರ್ಚ್ ಮಿಕ್ಕ ಕೈಯ ಹೆಬ್ಬೆರಳಿನ ಮಾತು ಕೇಳಬೇಕು. ಒತ್ತಿದರೆ ಎಷ್ಟು ಬೆಳಕು ಬರುತ್ತದೆಂದು ಮೊದಲೇ ಗೊತ್ತಿರಬೇಕು, ಆರಿಸಲು ಒಂದೇ ಒತ್ತು ಸಾಕಾಗಬೇಕು. ಡಬ್ಬಿಯ ಮೇಲಿನ ಲುಮೆನ್, ಅಂದರೆ ಬೆಳಕಿನ ಪ್ರಮಾಣದ ಲೆಕ್ಕ ಅದರ ನಂತರದ್ದು.

ದಾವಣಗೆರೆಯ ಮಂಡಿಪೇಟೆಯಲ್ಲಾಗಲಿ ಚಿತ್ರದುರ್ಗದ ಸಂತೆಪೇಟೆಯಲ್ಲಾಗಲಿ, ಅಗ್ಗದ ಟಾರ್ಚ್ ಎಂದರೆ ಸಾಮಾನ್ಯವಾಗಿ ಒಂದೇ ಜಾಡು: ಮೊದಲ ಒತ್ತಿಗೆ ಜೋರು, ಎರಡನೆಯದಕ್ಕೆ ಮಂದ, ಮೂರನೆಯದಕ್ಕೆ ಕಣ್ಣು ಕುಕ್ಕುವ ಮಿಣುಕು, ನಾಲ್ಕನೆಯದಕ್ಕೆ ಆಫ್. ಮಂದ ಬೆಳಕಿನಲ್ಲಿ ನಡೆಯುತ್ತಿದ್ದವರು ಟಾರ್ಚ್ ಆರಿಸಬೇಕೆಂದರೆ ಮಿಣುಕನ್ನು ದಾಟಿಯೇ ಹೋಗಬೇಕು. ಎಷ್ಟೇ ಅಗ್ಗವಾದರೂ ಇದನ್ನು ಅಲ್ಲೇ ಬಿಟ್ಟು ಬನ್ನಿ.

ಒಳ್ಳೆಯ ಟಾರ್ಚಿನಲ್ಲಿ ಒಂದು ಒತ್ತಿಗೆ ಹೊತ್ತುತ್ತದೆ. ಯಾವ ಹಂತದಲ್ಲಿದ್ದರೂ ಇನ್ನೊಂದು ಒತ್ತಿಗೆ ಆರುತ್ತದೆ. ಹೊತ್ತಿರುವಾಗ ಒತ್ತಿ ಹಿಡಿದರೆ ಬೆಳಕು ಏರುತ್ತದೆ ಅಥವಾ ಇಳಿಯುತ್ತದೆ. ಆರಿರುವಾಗ ಒತ್ತಿ ಹಿಡಿದರೆ ತೀರಾ ಮಂದ ಬೆಳಕು, ಬೇಗ ಬೇಗ ಎರಡು ಸಲ ಒತ್ತಿದರೆ ಪೂರ್ತಿ ಬೆಳಕು. ಮಿಣುಕು ಇದ್ದರೆ ಇರಲಿ, ಆದರೆ ಅದು ಮೂರು ಒತ್ತಿನ ಆಚೆ ಎಲ್ಲೋ ಅಡಗಿರಲಿ. ಕೊನೆಗೆ ಬಳಸಿದ ಹಂತವನ್ನು ನೆನಪಿಡುವ ಸೌಲಭ್ಯವನ್ನು ಮಾರುವವರು ಬಹಳ ಹೊಗಳುತ್ತಾರೆ. ಅದಷ್ಟೇ ಇದ್ದರೆ ಸಾಲದು. ಸಂಜೆ ತೋಟದಲ್ಲಿ ಪೂರ್ತಿ ಬೆಳಕಿನಲ್ಲಿ ಆರಿಸಿದ ಟಾರ್ಚ್ ನಡುರಾತ್ರಿ ಮನೆಯೊಳಗೆ ಅದೇ ಬೆಳಕಿನಲ್ಲಿ ಹೊತ್ತಿ ಎಲ್ಲರನ್ನೂ ಎಬ್ಬಿಸುತ್ತದೆ. ಆರಿದ ಸ್ಥಿತಿಯಿಂದ ನೇರವಾಗಿ ಮಂದ ಬೆಳಕಿಗೆ ಹೋಗುವ ದಾರಿ ಇದೆಯೇ ಎಂಬುದು ನೆನಪಿನ ಸೌಲಭ್ಯಕ್ಕಿಂತ ಮುಖ್ಯ.

ಕೌಂಟರ್ ಮುಂದೆಯೇ ಇದನ್ನೆಲ್ಲ ಮಾಡಿ ನೋಡಿ. ಮೊದಲು ಕಣ್ಣು ಮುಚ್ಚಿ ಟಾರ್ಚನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಹೆಬ್ಬೆರಳಿಗೆ ಗುಂಡಿ ತಾನಾಗಿ ಸಿಗುತ್ತದೆಯೇ ನೋಡಿ. ಪಕ್ಕದ ಗುಂಡಿ ಮೈಮಟ್ಟಕ್ಕೇ ಇದ್ದರೆ ಕತ್ತಲಲ್ಲಿ ಅದನ್ನು ಹುಡುಕುವುದೇ ಕೆಲಸವಾಗುತ್ತದೆ. ತುಸು ಉಬ್ಬಿರಬೇಕು, ಇಲ್ಲವೇ ಸುತ್ತ ಒಂದು ಬಳೆಯಾದರೂ ಇರಬೇಕು. ಆಮೇಲೆ ಮಂದ ಹಂತಗಳಲ್ಲಿ ಮೊಬೈಲ್ ಕ್ಯಾಮೆರಾ ಹಿಡಿಯಿರಿ. ಪರದೆಯ ಮೇಲೆ ಕಪ್ಪು ಪಟ್ಟಿಗಳು ಓಡಿದರೆ ಬೆಳಕು ಸತತವಾಗಿ ಬರುತ್ತಿಲ್ಲ, ವೇಗವಾಗಿ ಹೊತ್ತಿ ಆರುತ್ತಿದೆ ಎಂದರ್ಥ. ತಿರುಗುವ ಮೋಟಾರನ್ನು ಅಂಥ ಬೆಳಕಿನಲ್ಲಿ ನೋಡುವುದು ಕಣ್ಣಿಗೆ ಹಿಂಸೆ.

ಪಕ್ಕದ ಗುಂಡಿಯ ಟಾರ್ಚಿಗೆ ಲಾಕ್ ಬೇಕೇ ಬೇಕು. ಜೇಬಿನಲ್ಲಿ ಕೀಲಿಗೊಂಚಲು ತಾಗಿ ಪೂರ್ತಿ ಬೆಳಕಿನಲ್ಲಿ ಹೊತ್ತಿದರೆ ಬಟ್ಟೆ ಸುಟ್ಟೀತು. ಎಷ್ಟೋ ಟಾರ್ಚುಗಳಲ್ಲಿ ನಾಲ್ಕು ಒತ್ತಿಗೆ ಲಾಕ್ ಬೀಳುತ್ತದೆ. ಇನ್ನೊಂದು ಉಪಾಯ, ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸುವುದು. ಮುಚ್ಚಳ ಕೂರುವ ತಿರುಪಿನ ಮರೆಗೆ ಕರೆಂಟು ಹಾಯದಂಥ ಆನೊಡೈಸ್ ಲೇಪನವಿದ್ದರೆ ಮಾತ್ರ ಇದು ನಡೆಯುತ್ತದೆ. ಸಡಿಲಿಸಿ ಗುಂಡಿ ಒತ್ತಿ. ಹೊತ್ತಿದರೆ ಆ ಲೇಪನವಿಲ್ಲ.

ಆಂಡ್ಯುರಿಲ್ 2 ಎಂಬ ಮುಕ್ತ ತಂತ್ರಾಂಶವಿರುವ ಟಾರ್ಚುಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಮೇಲೆ ಹೇಳಿದ ಏರಿಳಿತ, ಮಂದ, ಪೂರ್ತಿ, ಲಾಕ್ ಎಲ್ಲವೂ ಅದರಲ್ಲಿವೆ. ಆರಿರುವಾಗ ಮೂರು ಸಲ ಒತ್ತಿದರೆ ಸೆಲ್ಲಿನ ವೋಲ್ಟೇಜನ್ನೂ ಮಿಣುಕಿ ಹೇಳುತ್ತದೆ: ಮೂರು ಮಿಣುಕು, ಬಿಡುವು, ಎಂಟು ಮಿಣುಕು ಬಂದರೆ 3.8 ವೋಲ್ಟ್. ಪೂರ್ತಿ ತುಂಬಿದ ಸೆಲ್ 4.2 ತೋರಿಸುತ್ತದೆ. ಕಾರ್ಖಾನೆಯಿಂದ ಸರಳ ಕ್ರಮದಲ್ಲೇ ಬರುತ್ತದೆ. ಮನೆಯಲ್ಲಿ ಅಜ್ಜಿಯೂ ಮಕ್ಕಳೂ ಬಳಸುವುದಾದರೆ ಹಾಗೆಯೇ ಇರಲಿ. ಯಾರಾದರೂ ಮುಂದುವರಿದ ಕ್ರಮಕ್ಕೆ ಬದಲಿಸಿಟ್ಟಿದ್ದರೆ, ಆರಿರುವಾಗ ಹತ್ತು ಸಲ ಒತ್ತಿದರೆ ಸರಳ ಕ್ರಮಕ್ಕೆ ಮರಳುತ್ತದೆ.

ಬೆಳಕು ಎಷ್ಟು ಬೇಕು

ಕರೆಂಟು ಹೋದಾಗ ಮನೆಯೊಳಗೆ 10ರಿಂದ 20 ಲುಮೆನ್ ಧಾರಾಳ. ಬದುವಿನ ಮೇಲೆ ನಡೆಯಲು 100ರಿಂದ 150, ಬೋರ್‌ವೆಲ್ ಸುತ್ತ ಹುಡುಕಾಡಲು 300ರಿಂದ 500 ಸಾಕು. ಅಂಗೈಯಷ್ಟು ಟಾರ್ಚ್ 1000 ಲುಮೆನ್ ಕೊಡುವುದು ಸುಳ್ಳಲ್ಲ, ಆದರೆ ಬಿಸಿ ತಾಳದೆ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಡಬ್ಬಿಯ ಮೇಲಿನ ಗಂಟೆಗಳ ಲೆಕ್ಕವನ್ನೂ ಹುಷಾರಾಗಿ ಓದಿ. ಟಾರ್ಚುಗಳನ್ನು ಅಳೆಯುವ ಎಫ್‌ಎಲ್1 ಮಾನದಂಡದಲ್ಲಿ ಅದು ಬೆಳಕು ಶುರುವಿನ ಶೇ 10ಕ್ಕೆ ಇಳಿಯುವವರೆಗಿನ ಹೊತ್ತು. ನೀವೇ ಲೆಕ್ಕ ಹಾಕಿ: 3000 ಎಂಎಎಚ್ ಸೆಲ್ಲನ್ನು 3.6 ವೋಲ್ಟಿನಿಂದ ಗುಣಿಸಿದರೆ 10.8 ವಾಟ್ ಅವರ್. ನಷ್ಟಗಳನ್ನು ಕಳೆದು ಒಂದು ವಾಟಿಗೆ ಸುಮಾರು 100 ಲುಮೆನ್ ಹಿಡಿದರೆ, 100 ಲುಮೆನ್ ಹತ್ತು ಗಂಟೆಯ ಆಸುಪಾಸು, 500 ಲುಮೆನ್ ಎರಡು ಗಂಟೆ. ಡಬ್ಬಿ ಇದರ ಎರಡು ಪಟ್ಟು ಹೇಳಿದರೆ ನಂಬಬೇಡಿ.

ಬಣ್ಣದಲ್ಲಿ ನೀಲಿಗೆ ತಿರುಗಿದ 6500 ಕೆಲ್ವಿನ್ ಬೇಡ. 4000ರಿಂದ 5000 ಕೆಲ್ವಿನ್, ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಂಕಿ) 90ರ ಮೇಲಿರುವ ಎಲ್‌ಇಡಿ ನೋಡಿ. ಒಣ ಅಡಿಕೆ ಗರಿಯ ನಡುವೆ ಮಲಗಿದ ಕೊಳಕುಮಂಡಲದ ಕಂದು ಮಚ್ಚೆಗಳು ನೀಲಿ ಬೆಳಕಿನಲ್ಲಿ ಗರಿಯೊಂದಿಗೇ ಬೆರೆತುಹೋಗುತ್ತವೆ. ಹರಡು ಬೆಳಕೋ ದೂರ ಹಾಯುವ ಬೆಳಕೋ ಎಂಬುದು ಜಾಗದ ಮೇಲಿದೆ. ಚಂದ್ರವಳ್ಳಿಯ ಅಂಕಲಿಮಠದ ಗುಹೆಯ ಇಕ್ಕಟ್ಟು ಕೋಣೆಗಳಲ್ಲಿ ದೂರದ ಕೋಲು ಬೆಳಕು ಗೋಡೆಗೆ ಬಡಿದು ಕಣ್ಣಿಗೇ ಹೊಡೆಯುತ್ತದೆ. ಅಲ್ಲಿ ಹರಡು ಬೆಳಕೇ ಸರಿ.

ಸೆಲ್ ಮತ್ತು ಚಾರ್ಜಿಂಗ್

ಬಿಚ್ಚಿ ಬದಲಿಸಬಹುದಾದ 18650 ಸೆಲ್ಲಿನ ಟಾರ್ಚ್ ಕೊಳ್ಳಿ: 18 ಮಿಮೀ ದಪ್ಪ, 65 ಮಿಮೀ ಉದ್ದ. ಈ ಅಳತೆಯ ಒಳ್ಳೆಯ ಸೆಲ್ಲಿನಲ್ಲಿ ಸುಮಾರು 3500 ಎಂಎಎಚ್ ತುಂಬುತ್ತದೆ. 9900 ಎಂದು ಬರೆದದ್ದು ಬರೀ ಬರಹ. ಅನುಮಾನ ಬಂದರೆ ತೂಗಿ ನೋಡಿ, ಅಸಲಿ ಸೆಲ್ 45 ಗ್ರಾಂ ಆಸುಪಾಸು ಇರುತ್ತದೆ. ಪಕ್ಕದಲ್ಲೇ ಬಂಗಾರದ ಅಂಗಡಿ ಇದ್ದರೆ ಇನ್ನೂ ಅನುಕೂಲ. ರಕ್ಷಣಾ ಸರ್ಕ್ಯೂಟ್ ಇರುವ ಸೆಲ್ ಮೂರ್ನಾಲ್ಕು ಮಿಮೀ ಉದ್ದ ಹೆಚ್ಚು, ಎಲ್ಲ ಟಾರ್ಚಿಗೂ ಕೂರುವುದಿಲ್ಲ.

ಅಂಗಡಿಗೆ ಹೋಗುವಾಗ ನಿಮ್ಮ ಮೊಬೈಲಿನ ಚಾರ್ಜರ್ ಮತ್ತು ಎರಡೂ ತುದಿ ಟೈಪ್ ಸಿ ಇರುವ ಕೇಬಲ್ ಒಯ್ಯಿರಿ. ಕೆಲವು ಟಾರ್ಚುಗಳಲ್ಲಿ ಟೈಪ್ ಸಿ ರಂಧ್ರವಿದ್ದರೂ ಈ ಕೇಬಲ್ಲಿಗೆ ಚಾರ್ಜ್ ಆಗುವುದೇ ಇಲ್ಲ. ಪೋರ್ಟಿನ ಹಿಂದೆ ಇರಬೇಕಾದ 5.1 ಕಿಲೋ ಓಮ್‌ನ ಎರಡು ರೆಸಿಸ್ಟರುಗಳನ್ನು ಕಾಸು ಉಳಿಸಲು ಬಿಟ್ಟಿರುತ್ತಾರೆ. ಅವಿಲ್ಲದಿದ್ದರೆ ಚಾರ್ಜರ್ ಕರೆಂಟು ಬಿಡುವುದಿಲ್ಲ. ಹಳೆಯ ಚಪ್ಪಟೆ ಯುಎಸ್‌ಬಿ ತುದಿಯ ಕೇಬಲ್ಲಿಗೆ ಮಾತ್ರ ಚಾರ್ಜ್ ಆಗುತ್ತದೆ. 45 ಡಿಗ್ರಿ ಸೆಲ್ಸಿಯಸ್ ಮೀರಿದರೆ ಲಿಥಿಯಂ ಸೆಲ್ಲನ್ನು ಚಾರ್ಜ್ ಮಾಡಬಾರದು, ಹಾಗಾಗಿ ಏಪ್ರಿಲ್ ಬಿಸಿಲಲ್ಲಿ ನಿಂತ ಗಾಡಿಯ ಡ್ಯಾಶ್‌ಬೋರ್ಡ್ ಚಾರ್ಜಿಂಗ್ ಜಾಗವಲ್ಲ.

ನೀರು ತಡೆಯುವ ದರ್ಜೆಯಲ್ಲಿ ಮಳೆಗೆ ಐಪಿಎಕ್ಸ್4 ಸಾಕು. ಕಾಲುವೆಗೆ ಬೀಳುವ ಸಂಭವವಿದ್ದರೆ ಐಪಿಎಕ್ಸ್7 ಬೇಕು, ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ. ಚಾರ್ಜಿಂಗ್ ರಂಧ್ರದ ರಬ್ಬರ್ ಮುಚ್ಚಳ ಸಡಿಲವಾಗಿದ್ದರೆ ಆ ಅಂಕಿಗೆ ಬೆಲೆಯಿಲ್ಲ.

ಕೆಲವು ತಿಂಗಳ ಬಳಕೆಯ ನಂತರ ಬೆಳಕು ತಾನಾಗಿ ಮಿಣುಕತೊಡಗಿದರೆ ಎಲ್‌ಇಡಿ ಹೋಯಿತೆಂದು ಎಸೆಯಬೇಡಿ. ಹಿಂದಿನ ಮುಚ್ಚಳ ಬಿಚ್ಚಿ, ತಿರುಪಿನ ಮರೆಯನ್ನೂ ಕೊಳವೆಯ ಬರಿ ಅಂಚನ್ನೂ ಒಣ ಬಟ್ಟೆಯಿಂದ, ಆಮೇಲೆ ತುಸು ಸರ್ಜಿಕಲ್ ಸ್ಪಿರಿಟ್ ತಾಗಿಸಿದ ಹತ್ತಿಯಿಂದ ಒರೆಸಿ, ಒಣಗಿದ ಮೇಲೆ ಬಿಗಿಯಾಗಿ ತಿರುಗಿಸಿ. ಹೆಚ್ಚಿನ ಸಲ ದೋಷ ಅಲ್ಲೇ ಇರುತ್ತದೆ.