ಜೊತೆಗೆ ಬಂದವರೇ ಎಲ್ಲದಕ್ಕೂ ಉತ್ತರ ಕೊಟ್ಟರೆ

ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡುವ ನರ್ಸ್‌ಗಳಿಗೆ, ಡ್ಯೂಟಿ ಡಾಕ್ಟರ್‌ಗಳಿಗೆ ಇದನ್ನು ಬರೆಯುತ್ತಿದ್ದೇನೆ. ಜೀತದಲ್ಲೋ ಮಾನವ ಸಾಗಣೆಯಲ್ಲೋ ಸಿಕ್ಕಿಬಿದ್ದಿರಬಹುದಾದ ರೋಗಿ ಬಂದಾಗ ನಾವು ಏನು ಮಾಡಬೇಕು ಅನ್ನುವುದೇ ವಿಷಯ.

ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ. ಮನೆಕೆಲಸಕ್ಕಿದ್ದ ಒಬ್ಬ ಹುಡುಗಿ, ನೋಡಿದರೆ ಹದಿನಾಲ್ಕು ದಾಟಿರಲಿಲ್ಲ, ಮುಂಗೈ ಸುಟ್ಟುಕೊಂಡು ಬಂದಿದ್ದಳು. ಜೊತೆಗಿದ್ದ ಹೆಂಗಸು 'ಹಾಲು ಚೆಲ್ಲಿಕೊಂಡಳು' ಅಂದರು. ಹಾಲು ಚೆಲ್ಲಿದರೆ ಗಾಯ ಹರಡಿಕೊಂಡಿರುತ್ತದೆ. ಇದು ಪಕ್ಕಪಕ್ಕದಲ್ಲಿ ಎಳೆದ ಎರಡು ನೇರ ಗೆರೆ. ನಾನು ಆ ಹೆಂಗಸಿನ ಮುಂದೆಯೇ 'ಯಾರಮ್ಮ ಹೀಗೆ ಮಾಡಿದ್ದು?' ಅಂತ ಕೇಳಿಬಿಟ್ಟೆ. ಹುಡುಗಿ ನನ್ನ ಮುಖ ನೋಡಲಿಲ್ಲ, ಆ ಹೆಂಗಸಿನ ಚಪ್ಪಲಿ ನೋಡುತ್ತಾ ನಿಂತಳು. ಬ್ಯಾಂಡೇಜ್ ಅರ್ಧ ಸುತ್ತುವಷ್ಟರಲ್ಲಿ 'ಟೈಮ್ ಆಯ್ತು' ಅಂತ ಕೈ ಹಿಡಿದು ಕರೆದುಕೊಂಡು ಹೋದರು. ಮುಂದಿನ ಡ್ರೆಸ್ಸಿಂಗ್‌ಗೆ ಅವರು ಬರಲೇ ಇಲ್ಲ. ಇವತ್ತಿಗೂ ಆ ಕೈ ಕಣ್ಣಮುಂದೆ ಬರುತ್ತದೆ.

ಹಾಗಾಗಿ ಮೊದಲ ಕೆಲಸ, ರೋಗಿಯನ್ನು ಒಂಟಿಯಾಗಿ ಮಾತಾಡಿಸುವುದು. ಇದಕ್ಕೆ ಸುಳ್ಳು ಹೇಳಬೇಕಾಗಿಲ್ಲ. ಡ್ರೆಸ್ಸಿಂಗ್ ರೂಮಿಗೆ, ಪರೀಕ್ಷೆಗೆ ರೋಗಿಯೊಬ್ಬರನ್ನೇ ಬಿಡುತ್ತೇವೆ ಅಂತ ಎಲ್ಲರಿಗೂ ಒಂದೇ ನಿಯಮ ಮಾಡಿ, ಗೋಡೆಗೆ ಅಂಟಿಸಿಬಿಡಿ. ಆಗ ಯಾರಿಗೂ ಅನುಮಾನ ಬರುವುದಿಲ್ಲ. ಭಾಷೆ ಗೊತ್ತಿಲ್ಲದಿದ್ದರೆ ಜೊತೆಗೆ ಬಂದವರಿಂದ ಅನುವಾದ ಮಾಡಿಸಬೇಡಿ. ಬೆಂಗಳೂರು ಸುತ್ತಿನ ಇಟ್ಟಿಗೆ ಗೂಡುಗಳಲ್ಲಿ ಒಡಿಶಾದವರು ಜಾಸ್ತಿ. ಅವರ ಮಾತನ್ನು ಮೇಸ್ತ್ರಿ ಬಾಯಲ್ಲಿ ಕೇಳಿದರೆ ನಿಮಗೆ ಸಿಗುವುದು ಮೇಸ್ತ್ರಿಯ ಮಾತೇ. ನಿಮ್ಮ ಸ್ಟಾಫ್‌ನಲ್ಲಿ ಆ ಭಾಷೆ ಬರುವವರು ಯಾರಿದ್ದಾರೆ ಅಂತ ಈಗಲೇ ತಿಳಿದಿಟ್ಟುಕೊಳ್ಳಿ, ಫೋನ್‌ನಲ್ಲಾದರೂ ಸರಿ.

ಪ್ರಶ್ನೆ ಕೇಳುವ ಮೊದಲು ಒಂದು ಮಾತು ಹೇಳಲೇಬೇಕು. ನಾನು ಇದನ್ನು ತುಂಬಾ ತಡವಾಗಿ ಕಲಿತೆ. ಎಲ್ಲವನ್ನೂ ಗುಟ್ಟಾಗಿಡುತ್ತೇನೆ ಅಂತ ಮಾತು ಕೊಡಬೇಡಿ, ಕೊಟ್ಟರೆ ನಡೆಸಿಕೊಳ್ಳಲು ಆಗುವುದಿಲ್ಲ. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದು ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಸುಮ್ಮನಿದ್ದರೆ ನಮಗೇ ಶಿಕ್ಷೆ. ದೊಡ್ಡವರ ಮೇಲೆ ಅತ್ಯಾಚಾರ ಆಗಿದ್ದರೂ ಆಸ್ಪತ್ರೆ ಪೊಲೀಸರಿಗೆ ತಿಳಿಸಬೇಕು, ಸರ್ಕಾರಿಯಾಗಲಿ ಖಾಸಗಿಯಾಗಲಿ ಚಿಕಿತ್ಸೆ ಉಚಿತವಾಗಿ, ತಕ್ಷಣ ಕೊಡಬೇಕು. ಆದರೆ ದೂರು ಕೊಡುವುದು ಬಿಡುವುದು ಅವರ ಇಷ್ಟ. ಬೇಡ ಅಂದರೆ ಅದನ್ನೇ ಬರೆದುಕೊಂಡು ಚಿಕಿತ್ಸೆ ಮುಂದುವರಿಸಿ ಅಂತ ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯೇ ಹೇಳುತ್ತದೆ. ಇದನ್ನೆಲ್ಲ ಅವರಿಗೆ ಮೊದಲೇ ಸರಳವಾಗಿ ಹೇಳಿ. ಎಷ್ಟು ಹೇಳಬೇಕು ಅಂತ ಅವರೇ ತೀರ್ಮಾನ ಮಾಡಲಿ, ಅದು ಅವರ ಹಕ್ಕು ಅಲ್ವಾ?

ಆಮೇಲೆ ಪ್ರಶ್ನೆ. 'ನಿಮ್ಮನ್ನು ಯಾರಾದರೂ ಮಾರಿದರಾ?' ಅಂತ ಕೇಳಿದರೆ ಯಾರೂ ಹೌದು ಅನ್ನುವುದಿಲ್ಲ. ಆಧಾರ್ ಕಾರ್ಡ್ ಯಾರ ಹತ್ತಿರ ಇದೆ? ಮುಂಗಡ ಎಷ್ಟು ತಗೊಂಡಿದ್ರಿ, ತೀರಿತಾ? ರಾತ್ರಿ ಎಲ್ಲಿ ಮಲಗ್ತೀರಿ, ಹೊರಗಿಂದ ಬೀಗ ಹಾಕ್ತಾರಾ? ನಾಳೆ ಊರಿಗೆ ಹೋಗ್ತೀನಿ ಅಂದ್ರೆ ಬಿಡ್ತಾರಾ? ಹೀಗೆ ಕೇಳಿ. ಮುಂಗಡ ತೀರಲಿಲ್ಲ ಅಂತ ಹೋಗಲು ಬಿಡದಿದ್ದರೆ ಅದು ಜೀತ. 1976ರಲ್ಲೇ ಕಾನೂನು ಅದನ್ನು ರದ್ದು ಮಾಡಿದೆ, ಆ ಸಾಲವನ್ನೂ ಸೇರಿಸಿ. ಈ ಮಾತನ್ನು ಅವರಿಗೆ ಹೇಳಿ, ತುಂಬಾ ಜನರಿಗೆ ಗೊತ್ತೇ ಇರುವುದಿಲ್ಲ. ಬಿಡಿಸುವ ಅಧಿಕಾರ ಜಿಲ್ಲಾಡಳಿತಕ್ಕೆ ಇದೆ. ರೋಗಿ ಒಪ್ಪಿದರೆ ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ ಬರೆಯಿರಿ.

ದೊಡ್ಡವರು 'ಬೇಡ, ನಾನು ವಾಪಸ್ ಹೋಗ್ತೀನಿ' ಅಂದರೆ? ಹೊಟ್ಟೆ ಉರಿಯುತ್ತದೆ ನಿಜ. ಆದರೂ ಬಲವಂತ ಮಾಡಬೇಡಿ. ಅವರ ಮಗು ಅಲ್ಲೇ ಗೂಡಿನ ಹತ್ತಿರ ಇರಬಹುದು, ಊರಲ್ಲಿ ತಮ್ಮನ ಹೆಸರಲ್ಲಿ ಸಾಲ ಇರಬಹುದು, ನಮಗಿಂತ ಅವರಿಗೆ ಆ ಅಪಾಯ ಚೆನ್ನಾಗಿ ಗೊತ್ತು. ಫೋನ್ ನಂಬರ್ ಬರೆದ ಚೀಟಿ ಕೈಗೆ ಕೊಡಬೇಡಿ, ಸಿಕ್ಕಿಬಿದ್ದರೆ ಏಟು ಬೀಳುತ್ತದೆ. ಬಾಯಿಪಾಠ ಮಾಡಿಸಿ: ಮಕ್ಕಳಿಗೆ 1098, ಹೆಂಗಸರಿಗೆ 181, ಪೊಲೀಸರಿಗೆ 112. ಮಕ್ಕಳ ವಿಷಯ ಬೇರೆ. ಅನುಮಾನ ಬಂದರೂ ಸಾಕು, 1098ಕ್ಕೆ ನೀವೇ ಫೋನ್ ಮಾಡಿ.

ವೇಶ್ಯಾವಾಟಿಕೆ ಅಡ್ಡೆ ಮೇಲೆ ರೈಡ್ ಆದ ರಾತ್ರಿ ಪೊಲೀಸರು ಅಲ್ಲಿದ್ದ ಹೆಣ್ಣುಮಕ್ಕಳನ್ನು ವ್ಯಾನ್‌ನಲ್ಲಿ ಕರೆತರುತ್ತಾರೆ. ಎಲ್ಲರಿಗೂ ಅವಸರ, ಫಾರ್ಮ್ ತುಂಬಿದರೆ ಸಾಕು ಅನ್ನುವ ಹಾಗಿರುತ್ತದೆ. ಅಲ್ಲೇ ನಾವು ಗಟ್ಟಿಯಾಗಿ ನಿಲ್ಲಬೇಕು. ಪರೀಕ್ಷೆಗೆ ಒಪ್ಪಿಗೆ ಕೇಳಿ. ಎಚ್‌ಐವಿ ಟೆಸ್ಟ್‌ಗೆ ಒಪ್ಪಿಗೆ ಬೇಕೇಬೇಕು, 2017ರ ಕಾಯ್ದೆ ಇದೆ. ಎರಡು ಬೆರಳಿನ ಪರೀಕ್ಷೆ (ಯೋನಿಯೊಳಗೆ ಬೆರಳು ಹಾಕಿ ನೋಡುವುದು) ಮಾಡಿದರೆ ಅದು ದುರ್ನಡತೆ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ, ಆ ಕಾಲಂ ಇನ್ನೂ ನಿಮ್ಮ ಫಾರ್ಮ್‌ನಲ್ಲಿದ್ದರೆ ಹೊಡೆದುಹಾಕಿ. ಹೆಣ್ಣುಮಗುವನ್ನು ಪರೀಕ್ಷೆ ಮಾಡುವವರು ಲೇಡಿ ಡಾಕ್ಟರೇ ಆಗಿರಬೇಕು. ಎಚ್‌ಐವಿ ತಡೆಯುವ ಮಾತ್ರೆಯನ್ನು ದೌರ್ಜನ್ಯ ಆದ 72 ಗಂಟೆಯೊಳಗೆ ಶುರು ಮಾಡಬೇಕು, ಅದು ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಪೇಪರ್ ಕೆಲಸ ಮುಗಿಯಲಿ ಅಂತ ಕಾಯಬೇಡಿ. ವಯಸ್ಸಿಗೆ ಮೊದಲು ಶಾಲೆಯ ದಾಖಲೆ, ಜನನ ಪತ್ರ ನೋಡಬೇಕು. ಮೂಳೆಯ ಎಕ್ಸ್‌ರೇ ಕೊನೆಗೆ, ಅದರಲ್ಲಿ ವರ್ಷ ಎರಡು ವರ್ಷ ಹೆಚ್ಚುಕಮ್ಮಿ ಆಗುತ್ತದೆ.

ಬರೆಯುವ ವಿಷಯ. ಒಪಿಡಿ ಚೀಟಿ ಜೊತೆಗೆ ಬಂದವರ ಕೈಗೆ ಹೋಗುತ್ತದೆ, ಅದರಲ್ಲಿ ಔಷಧಿ ಮಾತ್ರ ಇರಲಿ. ರೋಗಿ ಹೇಳಿದ ಮಾತನ್ನು ಅವರದೇ ಮಾತಿನಲ್ಲಿ, ಗಾಯದ ಅಳತೆ ಮತ್ತು ಚಿತ್ರದ ಸಮೇತ, ಒಳಗಿನ ಕೇಸ್ ಶೀಟ್‌ನಲ್ಲಿ ಬರೆಯಿರಿ. ಚೀಟಿಯಲ್ಲಿ ಮುಂದಿನ ಡ್ರೆಸ್ಸಿಂಗ್ ತಾರೀಖನ್ನು ದಪ್ಪಕ್ಷರದಲ್ಲಿ ಹಾಕಿ. 'ಬರದಿದ್ದರೆ ಕೀವಾಗುತ್ತೆ, ಜ್ವರ ಬರುತ್ತೆ' ಅಂತ ಜೊತೆಗಿದ್ದವರಿಗೂ ಹೇಳಿ, ಅದು ನಿಜವೂ ಹೌದು. ಎರಡು ದಿನ ಬಿಟ್ಟು ಆ ಕೈ ಮತ್ತೆ ನಿಮ್ಮ ಡ್ರೆಸ್ಸಿಂಗ್ ಟೇಬಲ್ ಮೇಲೆ ಬಂದರೆ, ಅವತ್ತು ಮಾತಾಡಲು ಇನ್ನೊಂದು ಹತ್ತು ನಿಮಿಷ ಸಿಗುತ್ತದೆ.